ಯಾರೂ ಕೇಳದ ನವಿಲಿನ ಕೂಗು

ಒಂದು ಹೆಣ್ಣು ನವಿಲು ಟಿಟ್ಟಿಭ ಹಕ್ಕಿಯ ಬಳಿ ಕಾಡು ಕಾಯುವ ವಿದ್ಯೆ ಕಲಿತು, ಪರೀಕ್ಷೆ ಪಾಸಾಗಿ, ಅದರ ಗುರುತಿಗೆ ಸಿಕ್ಕ ಬಿಳಿ ಗರಿಯನ್ನು ಕಾವಲಿನ ಯಜಮಾನನಾದ, ಕಪ್ಪು ಮುಖದ ಮುದಿ ಕೋತಿ ಮುಸುವನ ಮುಂದಿಟ್ಟಿತು.

"ಗರಿ ಚೆನ್ನಾಗಿದೆ. ಇದುವರೆಗೆ ಎಲ್ಲಿ ಕಾವಲು ಕಾದಿದ್ದೀಯ?" ಎಂದು ಮುಸುವ ಕೇಳಿತು.

"ಎಲ್ಲಿಯೂ ಇಲ್ಲ, ಯಜಮಾನರೇ. ಕೆಲಸ ಕೊಟ್ಟರೆ ಕಾಯುತ್ತೇನೆ."

"ಅನುಭವ ಇಲ್ಲದವರಿಗೆ ಇಲ್ಲಿ ಕೆಲಸವಿಲ್ಲ."

"ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರಲಿ?"

"ಅದು ನನ್ನ ತಲೆನೋವಲ್ಲ."

ನವಿಲಿಗೆ ಮೈಯೆಲ್ಲ ಉರಿಯಿತು. ಆದರೂ ಕಲಿತ ವಿದ್ಯೆ ಸುಮ್ಮನಿರಲು ಬಿಡಲಿಲ್ಲ. ಹೊಳೆಯ ಬದಿಯ ಮತ್ತಿಮರದ ಮೇಲೆ ಹೋಗಿ ಕುಳಿತಿತು. ಮಧ್ಯಾಹ್ನ ಹುಲ್ಲಿನ ನಡುವೆ ಚಿರತೆಯ ಬಾಲ ಅಲುಗಿದ್ದನ್ನು ಕಂಡು ಗಂಟಲು ಹರಿಯುವಂತೆ ಕೂಗಿತು. ಮೇಯುತ್ತಿದ್ದ ಜಿಂಕೆಗಳು ತಲೆಯೆತ್ತಿ ಮುಸುವನತ್ತ ನೋಡಿದವು.

"ಹೊಸಬಳು, ಗಾಬರಿ ಜಾಸ್ತಿ. ನೀವು ಮೇಯಿರಿ," ಎಂದಿತು ಮುಸುವ.

ಜಿಂಕೆಗಳು ಮತ್ತೆ ತಲೆ ತಗ್ಗಿಸಿದವು. ಚಿರತೆ ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು.

ಸಂಜೆ ಮುಸುವ ತಾನೇ ಮತ್ತಿಮರದ ಬುಡಕ್ಕೆ ಬಂತು. "ಈಗ ನಿನಗೂ ಅನುಭವ ಆಯಿತು. ನಾಳೆಯಿಂದ ಕೆಲಸಕ್ಕೆ ಬಾ."

"ಬರುತ್ತೇನೆ, ಆ ಜಿಂಕೆಗಳಿಗಾಗಿ," ಎಂದಿತು ನವಿಲು, ಕೆಳಗಿಳಿಯದೆ. "ಆದರೆ ಇದನ್ನು ನನ್ನ ಅನುಭವ ಎನ್ನಬೇಡಿ. ಮೊದಲೇ ಕಲಿತಿದ್ದ ವಿದ್ಯೆಯಂತೆ ಇವತ್ತು ಕೂಗಿದೆ, ಅಷ್ಟೆ. ಅನುಭವ ಆದದ್ದು ನಿಮಗೆ. ಏನು ಕಲಿತಿರಿ ಎಂದು ಆ ತಾಯಿಗೆ ಹೋಗಿ ಹೇಳಿ."

ಹೊಳೆಯ ಆಚೆ ತಾಯಿ ಜಿಂಕೆ ಇನ್ನೂ ಮರಿಯನ್ನು ಕರೆಯುತ್ತಿತ್ತು. ಮುಸುವನಿಗೆ ಅತ್ತ ಹೋಗುವ ಧೈರ್ಯ ಬರಲಿಲ್ಲ.