ಎರಂಟ್ ನಾಯಿ

ನಮ್ಮ ಪುರಸಭೆಯ ಮುಖ್ಯಾಧಿಕಾರಿ ಪದ್ಮರಾಜಯ್ಯನವರಿಗೆ ಎಲ್ಲಿಂದಲೋ ದಾರಿ ತಪ್ಪಿದ್ದು ಎಂಬರ್ಥದ ‘ಎರಂಟ್’ ಎಂಬ ಇಂಗ್ಲಿಷ್ ಪದ ಸಿಕ್ಕಿತು. ಅಂದಿನಿಂದ ತಡವಾಗಿ ಬಂದ ಗುಮಾಸ್ತ ಎರಂಟ್, ಸೋರುವ ನಲ್ಲಿಯೂ ಎರಂಟ್. ಒಂದು ದಿನ ನಾಯಿ ಹಿಡಿಯುವ ದುರ್ಗಪ್ಪನನ್ನು ಕರೆಸಿದರು.

“ಊರಿನ ಎರಂಟ್ ನಾಯಿಗಳೆಲ್ಲ ನಾಳೆ ನಾನು ಬರೋ ಹೊತ್ತಿಗೆ ಗಾಡಿಯಲ್ಲಿರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು.”

“ಹಂಗಂದ್ರೆ ಎಂಥ ನಾಯಿ ಸಾರ್?”

“ಅಷ್ಟೂ ಗೊತ್ತಿಲ್ವೇನಯ್ಯ? ಮನೆ ಬಿಟ್ಟು ಅಲೆಯೋದು. ಕಂಡವರ ಬಾಗಿಲಲ್ಲಿ ಗಲೀಜು ಮಾಡೋದು.”

ಮರುದಿನ ಗಾಡಿಯಲ್ಲಿ ಒಂದೇ ನಾಯಿ ಇತ್ತು. ಅದು ಸಾಹೇಬರದೇ ಲ್ಯಾಬ್ರಡಾರ್. ದಿನಾ ಬೆಳಿಗ್ಗೆ ಅವರ ಮನೆಯವರು ಅದನ್ನು ಹೊರಗೆ ಬಿಟ್ಟು ಗೇಟು ಹಾಕಿಕೊಳ್ಳುತ್ತಿದ್ದರು. ಅದು ಎದುರುಮನೆಯ ಹಸಿ ರಂಗೋಲಿಯ ಮೇಲೆ ಕೆಲಸ ಮುಗಿಸಿ ಬರುತ್ತಿತ್ತು.

“ಲೋ, ಅದು ನಮ್ಮ ಸೋನು ಕಣೋ! ಎರಂಟ್ ಅಲ್ಲ, ವಾಕಿಂಗ್ ಹೋಗಿತ್ತು!”

“ಮನೆ ಬಿಟ್ಟು ಅಲೆದು, ಕಂಡವರ ಬಾಗಿಲಲ್ಲಿ ಗಲೀಜು ಮಾಡಿದ್ರೂ ವಾಕಿಂಗೇನಾ ಸಾರ್?”

ಸಾಹೇಬರು ಕಿಟಕಿಗೆ ಅಂಟಿಕೊಂಡಿದ್ದ ಗುಮಾಸ್ತರ ಮುಖಗಳನ್ನು ನೋಡಿದರು. “ಹೌದು. ವಾಕಿಂಗ್ ಅಂದ್ರೆ ವಾಕಿಂಗ್!”

ದುರ್ಗಪ್ಪ ಬಾಗಿಲು ತೆಗೆದು ಸೋನುವನ್ನು ಮರ್ಯಾದೆಯಿಂದ ಇಳಿಸಿದ.

“ಹಂಗಾದ್ರೆ ಊರಲ್ಲಿ ಹಿಡಿಯೋಕೆ ಒಂದೂ ಇಲ್ಲ ಸಾರ್. ಮಿಕ್ಕಿದ್ದೆಲ್ಲಾ ವಾಕಿಂಗೇ ಹೊರಟಿರೋದು.”