ಬ್ಯಾಟ್ರಿ ಗಾದ್ರಪ್ಪನ ತುಪ್ಪದ ಬೆಳಕು

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ಧೈರ್ಯವಿದ್ದರೆ ನಂಬದೆ ಕೂತುಕೊಳ್ಳಿ ನೋಡೋಣ. ಇದನ್ನು ಪೂರ್ತಿ ಕೇಳಿದ ಮೇಲೂ 'ಸುಳ್ಳು ಕಣಲೇ' ಅನ್ನುವ ಗಂಡು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಕರಕೊಂಡು ಬನ್ನಿ. ಗುಡ್ಡ ತೋರಿಸುತ್ತೇನೆ, ಬಂಡೆ ತೋರಿಸುತ್ತೇನೆ, ಬಂಡೆಯ ಸಂದಿಯೊಳಗೆ ಅವನನ್ನೇ ಇಳಿಸುತ್ತೇನೆ. ಆಮೇಲೆ ಮಾತಾಡಲಿ.

ಬಹಳ ಹಿಂದೆ ಒಂದು ಊರಲ್ಲಿ, ಒಂದು ಊರು ಅಂತ ಯಾಕೆ, ನಮ್ಮ ಕಲ್ಲಹಟ್ಟಿಯಲ್ಲೇ, ಗಾದ್ರಪ್ಪ ಅಂತ ಒಬ್ಬ ಇದ್ದ. ಯಾವ ವರ್ಷ ಅಂತ ಕೇಳಬೇಡಿ. ಗುಂಡು ಬಲ್ಬಿನ ಬ್ಯಾಟ್ರಿಗಳು ಮೂಲೆ ಸೇರಿ ಎಲ್‌ಇಡಿ ಬ್ಯಾಟ್ರಿಗಳು ಬಂದ ಕಾಲ ಅನ್ನುತ್ತಾರೆ, ಅಷ್ಟೇ. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೆಸರು. ಅದರ ಹೊಟ್ಟೆಗೆ ಹಾಕುವುದಕ್ಕೆ ಶೆಲ್ಲು.

ಗಾದ್ರಪ್ಪನದು ಸೈಕಲ್ ರಿಪೇರಿ ಅಂಗಡಿ. ಆದರೆ ಪಂಚರ್ ಹಾಕಿಸಲು ಹೋದವರು ಸಾಯಂಕಾಲದವರೆಗೂ ಕಾಯಬೇಕಿತ್ತಂತೆ. ಯಾಕೆಂದರೆ ಅವನು ಯಾವಾಗ ನೋಡಿದರೂ ಯಾವುದೋ ಒಂದು ಬ್ಯಾಟ್ರಿಯನ್ನು ಬಿಚ್ಚಿ ಹರವಿಕೊಂಡಿರುತ್ತಿದ್ದ. ಗಾಳಿ ಹೊಡೆಯುವ ಪಂಪಿನ ಕೊಳವೆ ಕತ್ತರಿಸಿ ಬ್ಯಾಟ್ರಿ ಮಾಡುತ್ತಿದ್ದ. ಗುಜರಿಯವನು ಸತ್ತ ಲ್ಯಾಪ್‌ಟಾಪು ತಂದರೆ ಅದರ ಹೊಟ್ಟೆ ಸೀಳಿ ಶೆಲ್ಲು ಹೊರಗೆ ತೆಗೆಯುತ್ತಿದ್ದ. ಬ್ಯಾಟ್ರಿಗೆ ಹಾಕಿ ಸ್ವಲ್ಪ ಹೊತ್ತು ಉರಿಸಿದ ಮೇಲೆ ಶೆಲ್ಲನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಿದ್ದ. ತಣ್ಣಗಿದ್ದರೆ ಇಟ್ಟುಕೊಳ್ಳುತ್ತಿದ್ದ. ಬಿಸಿಯಾಗಿದ್ದರೆ 'ಇದಕ್ಕೆ ವಯಸ್ಸಾಗೈತೆ, ಏದುಸಿರು ಬಿಡ್ತೈತೆ' ಅಂತ ಪಕ್ಕಕ್ಕೆ ಎಸೆಯುತ್ತಿದ್ದ. ಅವನು ಶೆಲ್ಲುಗಳ ಜೊತೆ ಮಾತಾಡುತ್ತಿದ್ದನಂತೆ. ಅವನ ಕೈಯಿಂದ ಶೆಲ್ಲು ಹಾಕಿಸಿಕೊಂಡ ಬ್ಯಾಟ್ರಿ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೂ ಉರಿಯುತ್ತಿತ್ತಂತೆ. ಹಂಗಂತ ಹೇಳುತ್ತಾರೆ. ಹೇಳುವವರು ನಮ್ಮೂರಿನವರು, ಆದ್ದರಿಂದ ನಾನೂ ಹಂಗೇ ಹೇಳುತ್ತೇನೆ.

ಇನ್ನೊಂದು ಹೇಳಬೇಕು. ಗಾದ್ರಪ್ಪ ಬಾಯಿ ಬಡುಕ. 'ಬೆಳಕು ಅಂದ್ರೆ ಏನು ಅಂತ ಈ ಸೀಮೆಯಾಗೆ ಗೊತ್ತಿರೋನು ನಾನೊಬ್ಬನೇ' ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಈ ಮಾತಿಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡರೆ ಅದು ಜಂಬವಾಗುವುದಿಲ್ಲ.

ನಮ್ಮೂರ ಗಂಡಸರಿಗೆ ಆ ಕಾಲದಲ್ಲಿ ಬ್ಯಾಟ್ರಿ ಹುಚ್ಚು ಹಿಡಿದಿತ್ತು. ಬೇರೆ ಊರಿನವರು ಎತ್ತು ಹೋಲಿಸುತ್ತಿದ್ದರು, ನಮ್ಮವರು ಬ್ಯಾಟ್ರಿ ಹೋಲಿಸುತ್ತಿದ್ದರು. ಪ್ರತಿ ಅಮಾಸೆ ದಿನ ಹೊತ್ತು ಮುಳುಗಿದ ಕೂಡಲೇ ಕೆರೆ ಏರಿಯ ಮೇಲೆ ಸಾಲಾಗಿ ನಿಂತು ಎದುರಿನ ಗುಡ್ಡಕ್ಕೆ ಬೆಳಕು ಬಿಡುತ್ತಿದ್ದರು. ಯಾರ ಬೆಳಕು ಎಲ್ಲರದಕ್ಕಿಂತ ಮೇಲಿನ ಬಂಡೆ ಮುಟ್ಟುತ್ತದೋ ಅವನೇ ಆ ಅಮಾಸೆಯ ರಾಜ. ಬೆಳಕುಗಳಿಗೆ ಬಣ್ಣದ ಮೇಲೆ ಹೆಸರೂ ಇಟ್ಟಿದ್ದರು. ಹಾಲು ಬೆಳಕು, ಸುಣ್ಣದ ಬೆಳಕು, ಒಂದಿಷ್ಟು ಹಸಿರು ತಿರುಗಿದ್ದರೆ ಪಾಚಿ ಬೆಳಕು. ಎಲ್ಲಕ್ಕಿಂತ ಮೇಲಿನದು ನೀಲಿ ಬೆಳಕು. ಗಾದ್ರಪ್ಪನ ಕೈಯಲ್ಲಿದ್ದದ್ದು ಮಾತ್ರ ತುಪ್ಪದ ಬೆಳಕು. ಕಾಯಿಸಿದ ತುಪ್ಪದ ಹಾಗೆ ತಿಳಿ ಹಳದಿ. ಅದು ಗುಡ್ಡ ಮುಟ್ಟುವುದಿರಲಿ, ಕೆರೆ ದಾಟಿದರೆ ಹೆಚ್ಚು.

ರಾಜನಾಗುತ್ತಿದ್ದವನು ಸೂರಯ್ಯ. ಬೋರ್‌ವೆಲ್ ಲಾರಿ ಹತ್ತಿ ಊರೂರು ಸುತ್ತುತ್ತಿದ್ದ ಸೂರಯ್ಯ ಎಲ್ಲಿಂದಲೋ ಒಂದು ಬ್ಯಾಟ್ರಿ ತಂದಿದ್ದ. ಹಚ್ಚಿದರೆ ನೀಲಿ ಕೋಲು ನೆಟ್ಟಗೆ ಗುಡ್ಡದ ನೆತ್ತಿಗೆ ಹೋಗಿ ನಿಲ್ಲುತ್ತಿತ್ತು. ಅದರ ಶೆಲ್ಲಿನ ಮೇಲೆ ಬರೆದ ಅಂಕಿ ಓದಲು ಮೇಷ್ಟ್ರನ್ನೇ ಕರೆಸಬೇಕಾಯಿತಂತೆ, ಅಷ್ಟು ಉದ್ದ.

"ಏನ್ ಗಾದ್ರಿ ಮಾಮ, ನಿನ್ ಬ್ಯಾಟ್ರಿಗೆ ಕಾಮಾಲೆ ಆಗೈತೇನು? ನಾಟಿ ಔಷಧಿ ಕುಡಿಸು" ಅಂತ ಸೂರಯ್ಯ ಕಿಚಾಯಿಸುತ್ತಿದ್ದ. ಏರಿ ಮೇಲಿದ್ದವರೆಲ್ಲ ಗೊಳ್ಳೆನ್ನುತ್ತಿದ್ದರು.

"ಕಾಮಾಲೆ ಆಗಿರೋದು ನಿನ್ ಕಣ್ಣಿಗೆ ಕಣಲೇ ಅಳಿಯ" ಅನ್ನುತ್ತಿದ್ದ ಗಾದ್ರಪ್ಪ. "ನಿನ್ ಬೆಳಕು ದೂರ ಓಡ್ತೈತೆ, ಬರೋವಾಗ ಏನೂ ತರಂಗಿಲ್ಲ. ಎಲ್ಲಿ, ಅಂಗೈ ಹಿಡಿ."

ಸೂರಯ್ಯನ ಅಂಗೈ ಮೇಲೆ ಮೊದಲು ಅವನದೇ ನೀಲಿ ಬೆಳಕು ಬಿಡುತ್ತಿದ್ದ. ಅಂಗೈ ಹೆಣದ ಕೈಯ ಹಾಗೆ ಕಾಣುತ್ತಿತ್ತು. ಆಮೇಲೆ ತುಪ್ಪದ ಬೆಳಕು ಬಿಡುತ್ತಿದ್ದ. ಅಂಗೈಯಲ್ಲಿ ರಕ್ತ ಓಡಾಡುವುದು ಕಾಣುತ್ತಿತ್ತು. ಆದರೂ ಜನ ನೀಲಿ ಬೆಳಕಿನವನನ್ನೇ ಹೆಗಲ ಮೇಲೆ ಹೊತ್ತು ಟೀ ಅಂಗಡಿಗೆ ಹೋಗುತ್ತಿದ್ದರು. ದೂರ ಹೋಗಿದ್ದೇ ದೊಡ್ಡದು ಅಂತ ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿತ್ತು.

ಹಿಂಗಿರುವಾಗ ಸೀತಾಫಲದ ಕಾಲ ಬಂತು. ನಮ್ಮ ಗುಡ್ಡದ ತುಂಬ ಸೀತಾಫಲದ ಗಿಡ. ಹೆಂಗಸರು ಪುಟ್ಟಿ ಹಿಡಿದು ಹತ್ತುತ್ತಾರೆ, ಹೊತ್ತು ಇಳಿಯುವುದರೊಳಗೆ ಇಳಿದುಬಿಡುತ್ತಾರೆ. ಯಾಕೆಂದರೆ ಹೊತ್ತು ಮುಳುಗಿದ ಮೇಲೆ ಆ ಹಣ್ಣು ಕರಡಿಗಳದ್ದು. ಒಂದು ಅಮಾಸೆಯ ಸಾಯಂಕಾಲ ಎಲ್ಲರೂ ಇಳಿದರು, ಪಾಲಕ್ಕ ಇಳಿಯಲಿಲ್ಲ.

ಪಾಲಕ್ಕ ಸೂರಯ್ಯನ ಒಡಹುಟ್ಟಿದ ಅಕ್ಕ. ನನ್ನ ಅಜ್ಜಿ. ನನ್ನನ್ನು ಹೆತ್ತವಳು ಬಾಣಂತನದಲ್ಲೇ ಹೋದಳು. ಆಮೇಲೆ ನನ್ನನ್ನು ಎತ್ತಿಕೊಂಡವಳು, ಉಣಿಸಿದವಳು, ಬೈದವಳು, ಬೆಳೆಸಿದವಳು ಎಲ್ಲ ಈ ಪಾಲಕ್ಕನೇ. ಆ ಸಾಯಂಕಾಲ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಗುಡ್ಡದ ಮೇಲೆ ಕಳೆದುಹೋಗಿದ್ದು ನನ್ನ ಪಾಲಿನ ಅನ್ನ ಅಂತಲೇ ನಾನು ಲೆಕ್ಕ ಹಾಕುವುದು.

ಅಮಾಸೆಯಾದ್ದರಿಂದ ಬ್ಯಾಟ್ರಿಯವರೆಲ್ಲ ಏರಿಯ ಮೇಲೇ ಇದ್ದರು. ಸುದ್ದಿ ಬಿದ್ದದ್ದೇ ತಡ ಎಲ್ಲರೂ ಗುಡ್ಡಕ್ಕೆ ಓಡಿದರು. ಅಷ್ಟು ಬ್ಯಾಟ್ರಿಗಳಿರುವ ಊರಲ್ಲಿ ಒಬ್ಬ ಹೆಂಗಸು ಸಿಗುವುದೇನು ದೊಡ್ಡದು? ಆದರೆ ನೋಡಿ, ಹುಚ್ಚು ಅಂದರೆ ಹುಚ್ಚೇ. ಹುಡುಕಲು ಹೋದವರು ಕಾಲಿನ ಬುಡ ನೋಡಲಿಲ್ಲ. ನೆತ್ತಿ ಬಂಡೆಗೆ ಒಬ್ಬ ಬಿಟ್ಟ, ಅದರಾಚೆಯ ಬಂಡೆಗೆ ಇನ್ನೊಬ್ಬ ಬಿಟ್ಟ. 'ನಂದು ಮುಟ್ತು', 'ನಂದು ಅದಕ್ಕಿಂತ ಮ್ಯಾಲೆ ಹೋಯ್ತು' ಅಂತ ಆ ಹೊತ್ತಿನಲ್ಲೂ ಒಂದಿಬ್ಬರು ಕೂಗಿದರಂತೆ. ಪಾಲಕ್ಕ ಎಂದು ಕರೆದರೆ ಬಂಡೆಬಂಡೆಯೂ ಪಾಲಕ್ಕ ಎಂದು ತಿರುಗಿ ಕರೆಯುತ್ತಿತ್ತು. ಓ ಅನ್ನುವವರು ಯಾರೂ ಇರಲಿಲ್ಲ.

ಆಕೆ ಎಲ್ಲಿದ್ದಳು? ಅವರ ಹಾದಿಯ ಪಕ್ಕದಲ್ಲೇ ಇದ್ದಳು. ಹಣ್ಣಿಗೆ ಕೈ ಚಾಚಿ ಜಾರಿ ಒಂದು ಸಂದಿಯೊಳಗೆ ಬೋರಲು ಬಿದ್ದಿದ್ದಳು. ಕಾಲು ಉಳುಕಿತ್ತು. ಕೂಗಬಹುದಿತ್ತು, ಆದರೆ ಆ ಸಂದಿಯ ಕೆಳಗೇ ಮರಿ ಕಟ್ಟಿಕೊಂಡ ಒಂದು ಕರಡಿ ಬಂದು ಹಣ್ಣು ತಿನ್ನುತ್ತಾ ಕೂತಿತ್ತು. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡಳು. ಬ್ಯಾಟ್ರಿ ಬೆಳಕು ಬೆನ್ನ ಮೇಲೆ ಬೀಳುತ್ತಿತ್ತು, ಹೋಗುತ್ತಿತ್ತು. ಮತ್ತೆ ಬೀಳುತ್ತಿತ್ತು, ಮತ್ತೆ ಹೋಗುತ್ತಿತ್ತು. ಆಕೆ ಉಟ್ಟಿದ್ದು ಇಟ್ಟಿಗೆ ಬಣ್ಣದ ಸೀರೆ. ನೀಲಿ ಬೆಳಕಿನಲ್ಲಿ ಆ ಕೆಂಪು ಸತ್ತುಹೋಗಿ ಬೂದಿಯಾಗುತ್ತಿತ್ತು. ಬಂಡೆಯ ಸಂದಿಯ ನೆರಳು ಅಂದುಕೊಂಡು ತಮ್ಮನೇ ದಾಟಿ ಹೋದ.

ಅಷ್ಟರಲ್ಲಿ ಸೂರಯ್ಯನ ಬ್ಯಾಟ್ರಿ ಮಿಣುಕಿ ಮಿಣುಕಿ ಸತ್ತುಹೋಯಿತು. ಗಾದ್ರಪ್ಪ ಅದರ ಶೆಲ್ಲು ತೆಗೆದು ಕೈಯಲ್ಲಿ ತೂಗಿ ನೋಡಿದ. "ಹಗುರ ಐತಲ್ಲೋ ಅಳಿಯ. ಇದ್ರಾಗೆ ಅರ್ಧ ಹಿಟ್ಟು ತುಂಬವ್ರೆ."

ಬೇರೆ ದಿನವಾಗಿದ್ದರೆ ಸೂರಯ್ಯ ಜಗಳಕ್ಕೆ ಬೀಳುತ್ತಿದ್ದ. ಆವತ್ತು ಅವನು "ಮಾಮಾ, ನಮ್ಮಕ್ಕ..." ಅಂದ.

ಗಾದ್ರಪ್ಪ ಎಲ್ಲರ ಬ್ಯಾಟ್ರಿ ಆರಿಸಲು ಹೇಳಿದ. ಯಾರೂ ಆರಿಸಲಿಲ್ಲ. ಕಳೆದುಹೋದವಳನ್ನು ಕತ್ತಲೆ ಮಾಡಿಕೊಂಡು ಹುಡುಕುತ್ತೀಯೇನೋ ಅಂತ ಬೈದರು. ಆಗ ಸೂರಯ್ಯನೇ ಒಬ್ಬೊಬ್ಬರ ಕೈಯಿಂದ ಬ್ಯಾಟ್ರಿ ಕಿತ್ತುಕೊಂಡು ಆರಿಸಿದನಂತೆ. ಗುಡ್ಡ ಕಪ್ಪಾಯಿತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೂ ಗಾದ್ರಪ್ಪ ಯಾರನ್ನೂ ಅಲ್ಲಾಡಲು ಬಿಡಲಿಲ್ಲ. ಆಮೇಲೆ ತುಪ್ಪದ ಬೆಳಕು ಹಚ್ಚಿದ. ಅದನ್ನೂ ಸಣ್ಣದು ಮಾಡಿ, ಮೊಣಕಾಲಿನ ಹತ್ತಿರ ಹಿಡಿದು, ನೆಲ ನೋಡುತ್ತಾ ನಡೆದ.

ಆ ಬೆಳಕಿನಲ್ಲಿ ನೆಲಕ್ಕೆ ಬಣ್ಣ ಬಂತು. ಒಣ ಹುಲ್ಲು ಒಣ ಹುಲ್ಲಿನ ಹಾಗೆ ಕಂಡಿತು, ಹಸಿ ಎಲೆ ಹಸಿ ಎಲೆಯ ಹಾಗೆ ಕಂಡಿತು. ತುಳಿದು ಒಡೆದ ಸೀತಾಫಲ ಕಂಡಿತು, ಅದರ ತಿರುಳು ಇನ್ನೂ ಕಂದಿರಲಿಲ್ಲ. ಸ್ವಲ್ಪ ಮುಂದೆ ಬೋರಲಾದ ಪುಟ್ಟಿ. ಅದರಾಚೆ ಸಂದಿಯೊಳಗೆ, ಬೂದಿ ಬಣ್ಣದ ಕಲ್ಲಿನ ನಡುವೆ, ಕೆಂಡದ ಹಾಗೆ ಇಟ್ಟಿಗೆ ಬಣ್ಣದ ಸೀರೆ.

ಅವನು ಕೂಗಲಿಲ್ಲ. ಗಾದ್ರಪ್ಪ ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದು ಅದೊಂದೇ ಸಲ ಅನ್ನುತ್ತಾರೆ. ಕರಡಿಯ ಉಸಿರು ಅವನಿಗೆ ಕೇಳಿಸಿತ್ತು. ಬೆಳಕನ್ನು ಅಂಗೈಯಲ್ಲಿ ಮುಚ್ಚಿ, ಬೆರಳ ಸಂದಿನಿಂದ ಒಂದಿಷ್ಟೇ ಬಿಟ್ಟುಕೊಂಡು, ಹಿಂದಿನವರಿಗೆ ಕೈಸನ್ನೆ ಮಾಡಿ ಹಂಗೇ ನಿಂತ. ಕರಡಿ ಎದ್ದು ಬಂದು ಅವನಿಗೆ ತಲೆಬಾಗಿತು ಅಂತ ಕೆಲವರು ಹೇಳುತ್ತಾರೆ. ಮರಿಗಳಿಗೆ ಅವನೇ ದಾರಿಗೆ ಬೆಳಕು ಹಿಡಿದು ಕಳಿಸಿಕೊಟ್ಟ ಅಂತ ಇನ್ನೂ ಕೆಲವರು. ಅಜ್ಜಿಯನ್ನು ಕೇಳಿದರೆ ಮಾತ್ರ, "ತಲೆಯೂ ಬಾಗ್ಲಿಲ್ಲ, ಏನೂ ಇಲ್ಲ ಮಗ. ಹೊಟ್ಟೆ ತುಂಬಿತ್ತು, ತೇಗಿತು, ಹೋಯ್ತು" ಅನ್ನುತ್ತಿದ್ದಳು. ಕಣ್ಣಿಗೆ ಚುಚ್ಚುವ ಬೆಳಕು ಬಿಟ್ಟಿದ್ದರೆ ಅದು ಅಷ್ಟು ಸುಮ್ಮನೆ ಹೋಗುತ್ತಿತ್ತೇ? ಇದನ್ನು ಹೇಳುವವರು ಯಾರೂ ಇಲ್ಲ.

ಅಜ್ಜಿಯನ್ನು ಎತ್ತಿ ಕೂರಿಸಿದರು. ಬಾಯಿಂದ ಸೆರಗು ತೆಗೆದವಳೇ ಆಕೆ ಆಡಿದ ಮೊದಲ ಮಾತು: "ಯಾರಲೇ ಅದು, ಇಷ್ಟೊತ್ತು ನನ್ ಬೆನ್ ಮ್ಯಾಲೆ ಬ್ಯಾಟ್ರಿ ಬಿಟ್ಕಂಡು ಆಟ ಆಡ್ತಿದ್ದೋರು?"

ಸೂರಯ್ಯ ಅಕ್ಕನ ಕಾಲು ಹಿಡಿದುಕೊಂಡು ಅತ್ತ. ಆಮೇಲೆ ಆಕೆಯನ್ನು ಬೆನ್ನ ಮೇಲೆ ಹೊತ್ತು ಇಳಿದ. ಗಾದ್ರಪ್ಪ ಮುಂದೆ ಬೆಳಕು ಹಿಡಿದ. ಇಳಿಯುವ ಉದ್ದಕ್ಕೂ ಅವನ ಬಾಯಿ ಮುಚ್ಚಲಿಲ್ಲವಂತೆ. 'ನಾನು ಹೇಳ್ಲಿಲ್ವಾ, ನಾನು ಹೇಳ್ಲಿಲ್ವಾ' ಅಂತ. ಸಾಯುವ ತನಕವೂ ಹೇಳುತ್ತಲೇ ಇದ್ದ. ಊರು ಕೇಳಿಸಿಕೊಳ್ಳುತ್ತಲೇ ಇತ್ತು. ಸೀತಾಫಲದ ಕಾಲದಲ್ಲಿ ನಮ್ಮಜ್ಜಿಯ ಮೊದಲ ಪುಟ್ಟಿ ಅವನ ಅಂಗಡಿಗೆ ಹೋಗುತ್ತಿತ್ತು. ಅವನು ತೀರಿಕೊಂಡಾಗ ತುಪ್ಪದ ಬೆಳಕನ್ನು ಹಚ್ಚಿಯೇ ಅವನ ಜೊತೆ ಮಣ್ಣು ಮಾಡಿದರು. ಬಹಳ ದಿನ ಆ ಮಣ್ಣಿನ ಬಿರುಕಿನೊಳಗಿಂದ ಹಳದಿ ಬೆಳಕು ಬರುತ್ತಿತ್ತಂತೆ. ಹಂಗಂತ ಹೇಳುತ್ತಾರೆ. ಅವನೇ ಕೆನ್ನೆಗೊತ್ತಿ ಆಯ್ದುಕೊಂಡ ಶೆಲ್ಲು, ಬಂದಿದ್ದರೂ ಬಂದಿರಬಹುದು.

ಅಮಾಸೆ ಪಂದ್ಯ ಈಗಲೂ ನಡೆಯುತ್ತದೆ. ಈಗಿನ ಬ್ಯಾಟ್ರಿಗಳ ಮುಂದೆ ಸೂರಯ್ಯನದು ಬೀಡಿ ಬೆಂಕಿ. ನನ್ನದು ಗುಡ್ಡ ದಾಟಿ ಪಕ್ಕದೂರಿನ ಟವರ್ ಮುಟ್ಟುತ್ತದೆ, ಬೇಕಾದರೆ ಬಂದು ನೋಡಿ. ಆದರೆ ಪಂದ್ಯಕ್ಕೆ ಮುಂಚೆ ಏರಿಯ ಮೇಲೆ ಎಲ್ಲರೂ ಬ್ಯಾಟ್ರಿ ಆರಿಸಿ ನಿಲ್ಲುತ್ತೇವೆ. ಒಬ್ಬ ಮಾತ್ರ ಗಾದ್ರಪ್ಪ ಮಾಡಿಟ್ಟುಹೋದ ಇನ್ನೊಂದು ತುಪ್ಪದ ಬೆಳಕು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ. ಒಬ್ಬೊಬ್ಬರ ಮುಖ ನೋಡುತ್ತಾನೆ, ಇಂಥವನು ಇದ್ದಾನೆ ಅಂತ ಹೆಸರು ಕೂಗುತ್ತಾನೆ. ಎಲ್ಲರೂ ಇದ್ದಾರೆ ಅಂತಾದ ಮೇಲೇ ಪಂದ್ಯ. ಗುಡ್ಡದಿಂದ ಯಾರಾದರೂ ಇಳಿಯದಿದ್ದರೆ ಆವತ್ತು ಪಂದ್ಯವಿಲ್ಲ. ಆ ತುಪ್ಪದ ಬೆಳಕಿನವನೇ ಮುಂದೆ, ನಾವೆಲ್ಲ ಬ್ಯಾಟ್ರಿ ಆರಿಸಿಕೊಂಡು ಹಿಂದೆ.

ಇಷ್ಟು ವರ್ಷ ಆ ಕೆಲಸ ಸೂರಜ್ಜನದೇ, ಅಂದರೆ ಆ ಸೂರಯ್ಯನದೇ ಆಗಿತ್ತು. ಈಗ ಅವನ ಕಣ್ಣಿಗೆ ಪೊರೆ ಬಂದಿದೆ. ನಮ್ಮಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಮನೆಯಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು. ಅದಾದ ಮೇಲಿನ ಅಮಾಸೆಗೆ ಸೂರಜ್ಜ ಏರಿಯ ಮೇಲೆ ನನ್ನ ಹೆಸರು ಕರೆದ. ತುಪ್ಪದ ಬೆಳಕು ಹಿಡಿದು ಮುಂದೆ ನಡೆಯುವ ಕೆಲಸ ನನಗೆ ಕೊಟ್ಟ.