ನಡುಕದವ್ವನೂ ಪರದೆಯ ನಾಕು ಮೂಲೆನೂ

ಇಲ್ಲ ಕಣೇ, ಸೆಕೆ ಆದ್ರೆ ಆಗ್ಲಿ, ಸೊಳ್ಳೆ ಪರದೆ ಎತ್ತಲ್ಲ ಅಂದ್ರೆ ಎತ್ತಲ್ಲ. ಒಂದೇ ಒಂದು ಕಾಲು ಆಚೆ ಇಟ್ರೆ ಏನಾಗುತ್ತಜ್ಜಿ ಅಂತ ಕೇಳ್ತೀಯಲ್ಲ, ಒಂದು ಕಾಲಿಗೆ ಒಂದು ಸೊಳ್ಳೆ ಸಾಕು. ಕಾಲು ಒಳಗೆ ತಗೋ. ಹಾಂ, ಹಾಗೆ. ಈಗ ಕತೆ ಹೇಳ್ತೀನಿ, ಹೂಂ ಅಂತಿರು, ಹೂಂ ಅನ್ನದಿದ್ರೆ ನಾನೇ ಮೊದಲು ಮಲಗಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ತೀರಾ ಹಳೇದೇನಲ್ಲ, ಇಸ್ಕೂಲು ಇತ್ತು, ಇಸ್ಕೂಲಿಗೆ ಸೂರೂ ಇತ್ತು, ಅಂಥಾ ಕಾಲದಲ್ಲಿ, ಕೊಳಗದಹಳ್ಳಿ ಅಂತ ಒಂದೂರಿತ್ತಂತೆ. ಊರಾಚೆ ಇಟ್ಟಿಗೆ ಕುಯ್ಯೋರು ಸೋಗೆ ಗುಡಿಸಲು ಹಾಕ್ಕೊಂಡಿದ್ರಂತೆ. ಅವರು ಮಣ್ಣು ತೆಗೆದ ಗುಂಡಿಗಳು ಬಾಯಿ ತಕ್ಕೊಂಡು ಬಿದ್ದಿದ್ವಂತೆ, ಮಳೆ ಬಂದ್ರೆ ಅದರಲ್ಲಿ ನೀರು ನಿಲ್ತಿತ್ತಂತೆ, ನೀರು ನಿಂತ್ರೆ ಅದರೊಳಗಿಂದ ನಡುಕದವ್ವ ಏಳ್ತಿದ್ಲಂತೆ.

ನಡುಕದವ್ವ ಅಂದ್ರೆ ಯಾರು ಅಂದ್ಯಾ? ಮಲೇರಿಯಾ ಅಂತಾರಲ್ಲ, ಆ ಚಳಿಜ್ವರದ ತಾಯಿ. ನೆನೆದ ಸೀರೆ ಉಟ್ಟಿರ್ತಾಳೆ, ಎಷ್ಟು ಬಿಸಿಲು ಕಾದ್ರೂ ಅದು ಒಣಗಲ್ಲ. ನಡೆದ್ರೆ ಹೆಜ್ಜೆ ಸದ್ದಿಲ್ಲ, ಕಿವಿ ಹತ್ರ ಗುಂಯ್ ಅನ್ನುತ್ತೆ ಅಷ್ಟೆ. ಅವಳಿಗೆ ಸ್ವಂತ ದನಿ ಇಲ್ಲ, ನಮ್ಮನೇರ ದನೀನೇ ಎರವಲು ತಗೊಂಡು ಕರೀತಾಳೆ. ಬೆನ್ನ ಮೇಲೆ ಕೈ ಇಟ್ಲು ಅಂದ್ರೆ ಎಷ್ಟು ಕಂಬಳಿ ಹೊದ್ರೂ ಹಲ್ಲು ಕಟಕಟ, ಆಮೇಲೆ ಮೈ ಕೆಂಡ, ಆಮೇಲೆ ಬೆವರು, ಆಮೇಲೆ ಹೋದ್ಲಪ್ಪಾ ಅಂತ ಎದ್ದು ಗಂಜಿ ಕುಡೀತಿರೋವಾಗ, ಒಂದು ದಿನ ಬಿಟ್ಟು ಮತ್ತೆ ಬಂದು ಕೂರ್ತಾಳೆ. ದೊಡ್ಡೋರನ್ನ ಅಲ್ಲಾಡಿಸಿ ಬಿಟ್ರೂ ಬಿಟ್ಲು, ಎಳೇ ಕೂಸು ಸಿಕ್ರೆ ಎತ್ಕೊಂಡೇ ಹೋಗ್ತಾಳಂತೆ.

ಹೆದರಿಕೆ ಆಯ್ತಾ? ಆಗ್ಲಿ, ನನಗೂ ಆಗುತ್ತೆ.

ಆ ಗುಡಿಸಲಿಂದ ತಿಪ್ಪಿ ಅಂತ ಒಂದು ಹುಡುಗಿ ಇಸ್ಕೂಲಿಗೆ ಬರ್ತಿತ್ತಂತೆ. ಹೋದ ಮಳೆಗಾಲದಲ್ಲಿ ನಡುಕದವ್ವ ಅವಳ ತಂಗೀನ ಎತ್ಕೊಂಡು ಹೋಗಿದ್ಲು. ಈಗ ಮನೇಲಿ ಒಂದು ತಮ್ಮ ಹುಟ್ಟಿತ್ತು, ಇನ್ನೂ ಹೆಸರಿಟ್ಟಿರ್ಲಿಲ್ಲ. ಹೆಸರಿಟ್ರೆ ಅವಳು ಕೇಳಿಸ್ಕೋತಾಳೆ, ಮಳೆಗಾಲ ಕಳೀಲಿ ಅಂದಿದ್ಲಂತೆ ಅವರವ್ವ. ಇದನ್ನ ಕೇಳಿ ಇಸ್ಕೂಲಲ್ಲಿ ಮೇಷ್ಟ್ರು, ಅಯ್ಯೋ ಪರದೆ ಕಟ್ಟಿದ್ರೆ ಅವಳು ಒಳಗೆ ಬರೋಕಾಗಲ್ಲ ಕಣ್ರೋ, ಹಳ್ಳದಾಚೆ ಸಂತೇಲಿ ಸಿಗುತ್ತೆ, ಆದ್ರೆ ಕೂಸಿರೋ ಗುಡಿಸಲಿಗೆಲ್ಲ ತರೋಕೆ ದುಡ್ಡು ಬೇಕಲ್ಲ ಅಂದ್ರಂತೆ. ತಿಪ್ಪಿ ಜೊತೆ ಕೂರ್ತಿದ್ದೋರು ಮೂರು ಜನ, ಜವರ, ಸಾಕಿ, ನಿಂಗ. ದುಡ್ಡು ನಾವು ಎತ್ತುತೀವಿ ಸಾ ಅಂದ್ರಂತೆ.

ಮೊದಲು ನಿಂಗ, ಚಿಗಳಿ ಮಾಡಿ ಮಾರೋಣ ಅಂದ. ಹುಣಸೆಹಣ್ಣು, ಬೆಲ್ಲ, ಉಪ್ಪು, ಮೆಣಸಿನಕಾಯಿ ಹಾಕಿ ಕುಟ್ಟಿದ್ರು. ಉಪ್ಪು ಸರಿ ಇದೆಯಾ ಅಂತ ನಿಂಗ ನೋಡ್ದ, ಆಮೇಲೆ ಖಾರ ಸರಿ ಇದೆಯಾ ಅಂತ ಸಾಕಿ ನೋಡಿದ್ಲು, ಆಮೇಲೆ ಎಲ್ಲಾ ಸರಿ ಇದೆಯಾ ಅಂತ ಜವರ ನೋಡ್ದ. ಎಲ್ಲಾ ಸರಿ ಇತ್ತಂತೆ, ಮಾರೋಕೆ ಮಾತ್ರ ಏನೂ ಉಳಿದಿರ್ಲಿಲ್ಲ.

ಆಮೇಲೆ ಸಾಕಿ, ನಾಟಕ ಆಡೋಣ, ಕೊನೇಲಿ ತಟ್ಟೆ ಹಿಡಿಯೋಣ ಅಂದ್ಲು. ಜವರ ಅವರವ್ವನ ಸೀರೆ ನೀರಲ್ಲಿ ಅದ್ದಿ ಉಟ್ಕೊಂಡು ನಡುಕದವ್ವನಾಗಿ ಬಂದು ಗುಂಯ್ ಅಂದ. ಎಷ್ಟು ಚೆನ್ನಾಗಿ ಅಂದ ಅಂದ್ರೆ, ಊರ ಗೌಡರು ಮೊದಲು ಎದ್ದು ಓಡಿದ್ರಂತೆ, ಅವರ ಹಿಂದೆ ಊರೇ ಓಡ್ತು. ಯಾರ ಮುಂದೆ ತಟ್ಟೆ ಹಿಡಿಯೋದು, ಒಂದು ನಾಯಿ ಉಳೀತು, ಅದರ ಹತ್ರ ದುಡ್ಡಿರ್ಲಿಲ್ಲ.

ಆಮೇಲೆ ಮೂರನೇದು ಜವರಂದು. ಆ ವರ್ಷ ಮಳೆ ತಡ ಆಗಿತ್ತಲ್ಲ, ಮಳೆರಾಯನ್ನ ಹೊರೋಣ, ಮನೆಮನೇಲೂ ಕೊಡ್ತಾರೆ ಅಂದ. ಮಣ್ಣಿನ ಮಳೆರಾಯನ್ನ ಮಾಡಿ, ಮಣೆ ಮೇಲೆ ಕೂರಿಸಿ, ಬೇವಿನಸೊಪ್ಪು ಸಿಗಿಸಿ, ತಲೆ ಮೇಲೆ ಹೊತ್ಕೊಂಡು ಕೂಗ್ತಾ ಹೊರಟ್ರಂತೆ. ಒಂದೊಂದು ಮನೆಯೋರೂ ಆ ಮಳೆರಾಯನ ತಲೆ ಮೇಲೆ ಒಂದೊಂದು ಕೊಡ ನೀರು ಸುರಿದ್ರು, ಕೈಗೆ ದುಡ್ಡು ಹಾಕಿದ್ರು. ಪರದೆಗೆ ಬೇಕಾದಷ್ಟೂ ಆಯ್ತು. ಇಸ್ಕೂಲಿಗೆ ಕುಣೀತಾ ಬಂದ್ರೆ, ತಿಪ್ಪಿ ಬಾಗಿಲಲ್ಲಿ ನಿಂತು ಆಕಾಶ ನೋಡ್ತಿದ್ಲು. ಜವರಾ, ಮಳೆ ಬರ್ಲಿ ಅಂತ ಕೂಗಿದ್ಯಾ ಅಂದ್ಲು.

ಆಗ ಹೊಳೀತಂತೆ. ಮಳೆ ಬಂದ್ರೆ ಗುಂಡಿ ತುಂಬುತ್ತೆ, ಗುಂಡಿ ತುಂಬಿದ್ರೆ ಅವಳು ಏಳ್ತಾಳೆ. ಜವರ ಮೇಲೆ ನೋಡಿ, ಇವತ್ತು ಬೇಡಪ್ಪಾ, ಸ್ವಲ್ಪ ತಡೀಪ್ಪಾ ಅಂದ. ವರ್ಷಾನುಗಟ್ಟಲೆ ಕೂಗಿದ್ರೂ ಕೇಳಿಸ್ಕೊಳ್ಳದ ಮಳೆರಾಯ, ಅವತ್ತು ಮಾತ್ರ ಮೊದಲು ಕೂಗಿದ್ದನ್ನೇ ಕಿವಿಗೊಟ್ಟು ಕೇಳಿಬಿಟ್ಟಿದ್ನಂತೆ.

ಸುರೀತು ನೋಡು ಮಳೆ. ಹಳ್ಳ ಉಕ್ಕಿ ಸಂತೆಗೆ ದಾರೀನೇ ಇಲ್ಲ. ದುಡ್ಡು ಇದೆ, ದುಡ್ಡು ಹೊದ್ದುಕೊಳ್ಳೋಕಾಗುತ್ತಾ? ಮಳೆ ನಿಂತ್ರೂ ಹಳ್ಳ ಇಳೀಲಿಲ್ಲ. ದಿನ ಕಳೆದ ಹಾಗೆ ಗುಂಡಿ ನೀರಲ್ಲಿ ಹುಳ ಮಿಜಿಮಿಜಿ ಅಂತು, ಆಮೇಲೆ ಹುಳಕ್ಕೆ ರೆಕ್ಕೆ ಬಂತು. ಒಂದು ಸಂಜೆ ಗುಂಡಿ ದಡದಲ್ಲಿ ನೆನೆದ ಸೀರೆ ಕಂಡ ಹಾಗಾಯ್ತಂತೆ, ಆಮೇಲೆ ಕೊನೇ ಗುಡಿಸಲಲ್ಲಿ ಒಬ್ಬ ಮುದುಕ ಗಡಗಡ ನಡುಗಿದ, ಆಮೇಲೆ ಅದರ ಪಕ್ಕದ ಗುಡಿಸಲಲ್ಲಿ ನಡುಕ. ಅದರ ಪಕ್ಕದ್ದೇ ತಿಪ್ಪೀದು.

ಹಳ್ಳ ಸೊಂಟದ ಮಟ್ಟಕ್ಕೆ ಇಳಿದದ್ದೇ ಮೇಷ್ಟ್ರು ದಾಟಿಹೋಗಿ, ಪರದೆ ಗಂಟು ತಲೆ ಮೇಲೆ ಹೊತ್ಕೊಂಡು ಬಂದ್ರಂತೆ. ಎಲ್ಲಾ ತಂದಿದ್ರು, ಹಗ್ಗ ತಂದಿರ್ಲಿಲ್ಲ. ಬೇರೆ ಗುಡಿಸಲಲ್ಲಿ ದನ ಕಟ್ಟೋ ಹಗ್ಗ ಇತ್ತು, ಅದರಲ್ಲೇ ಪರದೆ ಕಟ್ಕೊಂಡ್ರು. ತಿಪ್ಪಿ ಮನೇಲಿ ದನಾನೇ ಇಲ್ಲ. ಅವರಪ್ಪ ಹಗ್ಗ ತರ್ತೀನಿ ಅಂತ ಊರಿಗೆ ಓಡ್ದ, ಅವರವ್ವ ನಡುಗ್ತಿರೋ ಪಕ್ಕದ ಮನೆಯೋಳಿಗೆ ಬಿಸಿನೀರು ಕೊಡೋಕೆ ಹೋದ್ಲು. ಮೇಷ್ಟ್ರು ಬೇರೆ ಗುಡಿಸಲಲ್ಲಿ ಪರದೆ ಕಟ್ತಿದ್ರು, ಕೂಸಿನ ಹತ್ರ ನಾಕು ಮಕ್ಕಳೇ ಉಳಿದ್ರು. ಅಷ್ಟರಲ್ಲಿ ಹೊತ್ತು ಮುಳುಗ್ತು. ಕಿವಿ ಹತ್ರ ಗುಂಯ್.

ಜವರ, ಹಿಡ್ಕೊಳ್ರೋ ಮೂಲೆಗೊಬ್ರು ಅಂದ. ನಾಕು ಮಕ್ಕಳು ಕೂಸಿನ ಸುತ್ತ ನಿಂತು, ಕೈ ಮೇಲೆತ್ತಿ ಪರದೆ ಹಿಡ್ಕೊಂಡ್ರಂತೆ. ಬಂದ್ಲು ನಡುಕದವ್ವ. ಪರದೆ ಸುತ್ತ ಒಂದು ಸುತ್ತು ಬಂದ್ಲು, ಒದ್ದೆ ಸೆರಗು ಎಲ್ಲರ ಕಾಲಿಗೂ ಸೋಕ್ತು.

ಸೊಳ್ಳೆಯಾಗಿ ನಿಂಗನ ಮೂಗಿನ ತುದಿ ಮೇಲೆ ಕೂತು, ಒಂದೇ ಸಲ ಕೆರ್ಕೊಳೋ ಅಂದ್ಲು. ಅವನು ಕಣ್ಣಲ್ಲಿ ನೀರು ಸುರಿಸ್ದ, ಕೈ ಬಿಡ್ಲಿಲ್ಲ. ಆಮೇಲೆ ಸಾಕಿ ಹತ್ರ ಹೋಗಿ ಅವರಪ್ಪನ ದನೀಲಿ, ಸಾಕೀ, ಕರು ಗುಂಡಿಗೆ ಬಿತ್ತು ಬಾರೇ ಅಂದ್ಲು. ಅವಳು ತುಟಿ ಕಚ್ಕೊಂಡ್ಲು, ಕೈ ಬಿಡ್ಲಿಲ್ಲ. ಆಮೇಲೆ ಜವರನ ಬೆನ್ನ ಹಿಂದೆ ನಿಂತು ಅವರವ್ವನ ದನೀಲಿ, ಮಗಾ ಜವರಾ, ಹಳ್ಳದಲ್ಲಿ ಜಾರಿದೆ ಕಣಪ್ಪ, ಕೈ ಕೊಡಪ್ಪ ಬಂಗಾರ ಅಂತ ಅತ್ಲಂತೆ. ಜವರನ ಒಂದು ಬೆರಳು ಸಡ್ಲ ಆಯ್ತು, ಪರದೆ ಒಂದು ಗೇಣು ಇಳೀತು. ಆಗ ಅವನು ಯೋಚ್ನೆ ಮಾಡ್ದ. ನಮ್ಮವ್ವ ಹುಟ್ಟಿದಾರಭ್ಯ ಬೈಯದೆ ನನ್ನ ಕರೆದಿಲ್ಲ, ಇವತ್ತು ಯಾಕೆ ಬಂಗಾರ ಅಂತಾಳೆ? ಗಟ್ಟಿಯಾಗಿ ಹಿಡ್ಕೊಂಡ.

ನಡುಕದವ್ವ ಅವನ ಕಿವೀಲಿ, ಆಗ್ಲಿ, ಕೂಸಿಲ್ಲದಿದ್ರೆ ನೀನು ಅಂದ್ಲಂತೆ.

ತಿಪ್ಪಿ ಅಪ್ಪ ಹಗ್ಗ ತಂದು ಕಟ್ಟಿದ. ಕೂಸು ಒಳಗೆ ಹೆಬ್ಬೆರಳು ಚೀಪ್ತಾ ಮಲಗಿತ್ತು. ಜವರನಿಗೆ ಸುಮಾರು ದಿನ ಏನೂ ಆಗ್ಲಿಲ್ಲ, ಬಚಾವಾದೆ ಅಂದ್ಕೊಂಡ. ಆಮೇಲೆ ಒಂದು ಮಧ್ಯಾಹ್ನ ಬೆನ್ನ ಮೇಲೆ ತಣ್ಣನೆ ಕೈ. ಮಂಚ ಅಲ್ಲಾಡ್ತು, ಮೈ ಕೆಂಡ ಆಯ್ತು, ಅವನು ಯಾರ್ಯಾರ ಹೆಸರೋ ಕೂಗ್ದ, ಅವರವ್ವ ಬಾಯಿಗೆ ಸೆರಗು ತುರುಕ್ಕೊಂಡು ಮೂಲೇಲಿ ಕೂತ್ಲು. ನರ್ಸಮ್ಮ ಓಡಿಬಂದು ಬೆರಳು ಚುಚ್ಚಿ ರಕ್ತ ನೋಡಿ ಮಾತ್ರೆ ಕೊಟ್ರು. ಹಾಗಲಕಾಯೇ ಸಿಹಿ ಅನ್ನಿಸೋ ಅಂಥ ಕಹಿ. ಹೇಳಿದಷ್ಟು ದಿನಾನೂ ತಪ್ಪದೆ ನುಂಗ್ದ, ಆ ಕಹಿ ತಡೀಲಾರದೆ ನಡುಕದವ್ವ ಇಳಿದು ಹೋದ್ಲಂತೆ. ಹೋಗಿ ನೋಡಿದ್ರೆ ಗುಂಡಿ ಎಲ್ಲಿ? ಊರೋರೆಲ್ಲ ಸೇರಿ ಒಡೆದ ಇಟ್ಟಿಗೆ, ಮಣ್ಣು ಹಾಕಿ ಮುಚ್ಚಿಬಿಟ್ಟಿದ್ರಂತೆ.

ಮಳೆಗಾಲ ಕಳೀತು, ತಿಪ್ಪಿ ತಮ್ಮನಿಗೆ ಹೆಸರಿಟ್ರು, ಎಲ್ಲರಿಗೂ ಪಾಯಸ ಹಾಕಿದ್ರು. ಕತೆ ಅಲ್ಲಿಗೇ ಮುಗೀಬೇಕಿತ್ತು. ಆದ್ರೆ ಜವರ ಪಾಯಸ ಕುಡ್ಕೊಂಡು ಎದೆ ಉಬ್ಬಿಸ್ಕೊಂಡು ಮನೆಗೆ ಬಂದ್ನಂತೆ. ಅವರವ್ವ ಅವನನ್ನ ಹತ್ರ ಕೂರಿಸ್ಕೊಂಡು, ಬಡಕಲಾದ ತೋಳು ಸವರಿ ಕೇಳಿದ್ಲಂತೆ, ಅಲ್ವೋ ಪೆದ್ದ ಮುಂಡೇದೇ, ನಾಕೂ ಜನ ಪರದೆ ಒಳಗೇ ನಿಂತ್ಕೊಂಡು ಮೂಲೆ ಹಿಡ್ಕೊಂಡಿದ್ರೆ ಆಗ್ತಿರ್ಲಿಲ್ವೇನೋ?